ಕಾರ್ಡ್ ಕೊಳ್ಳುವ ಮೊದಲು ಬೋರ್ಡ್ ನೋಡಿ

ವರ್ಚುವಲ್ ಮೆಷಿನ್‌ಗೆ (ಒಂದು ಕಂಪ್ಯೂಟರಿನ ಒಳಗೆ ಸಾಫ್ಟ್‌ವೇರ್‌ನಿಂದ ಮಾಡಿದ ಇನ್ನೊಂದು ಕಂಪ್ಯೂಟರ್) ಗ್ರಾಫಿಕ್ಸ್ ಕಾರ್ಡನ್ನು ನೇರವಾಗಿ ಬಿಟ್ಟುಕೊಡುವ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು "ಯಾವ ಕಾರ್ಡ್ ತಗೊಳ್ಳಲಿ?" ಅಂತ. ಮದರ್‌ಬೋರ್ಡ್ ಯಾವುದು ಅಂತ ನಾನು ತಿರುಗಿ ಕೇಳುತ್ತೇನೆ. ಅಕ್ಕನ ಆಫೀಸಿನ ಕಂಪ್ಯೂಟರ್ ಹೊಂದಿಸಿದ ಮೇಲಂತೂ ಈ ಪ್ರಶ್ನೆ ಬಿಟ್ಟು ಮುಂದೆ ಹೋಗುವುದೇ ಇಲ್ಲ.

ಅಕ್ಕ ಮಂಗಳೂರಿನ ಕಂಕನಾಡಿಯಲ್ಲಿ ಮನೆಗಳ ಪ್ಲಾನ್ ಮಾಡಿಕೊಡುತ್ತಾಳೆ. ಮನೆ ಕಟ್ಟಿಸುವವರಲ್ಲಿ ತುಂಬಾ ಮಂದಿ ದುಬೈ, ಕುವೈತ್, ಮಸ್ಕತ್‌ನಲ್ಲಿ ಇರುವವರು. ಊರಿಗೆ ಬರುವುದು ರಜೆಗೆ ಮಾತ್ರ. ಹಾಗಾಗಿ ಮನೆ ಹೇಗೆ ಕಾಣುತ್ತದೆ ಅಂತ ವಾಟ್ಸಾಪ್‌ನಲ್ಲೇ ತೋರಿಸಬೇಕು. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಚಾವಡಿಗೆ ಬೀಳುವ ಸಂಜೆ ಬಿಸಿಲು, ಎಲ್ಲವೂ ತ್ರೀಡಿಯಲ್ಲಿ ಬೇಕು. ಅವಳಿಗೆ ಕೈ ಕೂತಿರುವ, ಈ ಚಿತ್ರ ಮಾಡಿಕೊಡುವ ರೆಂಡರ್ ಸಾಫ್ಟ್‌ವೇರ್ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ಆಫೀಸಿನ ಉಳಿದ ಕೆಲಸವೆಲ್ಲ ಲಿನಕ್ಸ್‌ನಲ್ಲಿ. ಜೊತೆಗಿರುವ ಹುಡುಗ ಅದರಲ್ಲೇ ಟೂಡಿ ಡ್ರಾಯಿಂಗ್ ಮಾಡುತ್ತಾನೆ. ಎರಡು ಕಂಪ್ಯೂಟರ್ ಯಾಕೆ, ಒಂದೇ ಒಳ್ಳೆಯದು ತಗೊಂಡು ಇಬ್ಬರೂ ಒಟ್ಟಿಗೆ ಕೆಲಸ ಮಾಡೋಣ ಅಂತಾಯಿತು. ಡ್ಯುಯಲ್ ಬೂಟ್, ಅಂದರೆ ಒಮ್ಮೆಗೆ ವಿಂಡೋಸ್ ಅಥವಾ ಲಿನಕ್ಸ್ ಒಂದನ್ನೇ ಓಡಿಸುವುದು, ಇದಕ್ಕೆ ಆಗುವುದಿಲ್ಲ, ಒಬ್ಬರು ಕೂತರೆ ಇನ್ನೊಬ್ಬರು ಏಳಬೇಕು.

ಲಿನಕ್ಸ್ ಒಳಗೇ ವರ್ಚುವಲ್ ಮೆಷಿನ್ ಓಡಿಸುವ ಕೆವಿಎಂ 2007ರಿಂದಲೇ ಲಿನಕ್ಸ್‌ನ ತಿರುಳಾದ ಕರ್ನೆಲ್‌ನಲ್ಲಿ ಇದೆ. ಅದರಲ್ಲಿ ವಿಂಡೋಸ್ ಹಾಕುವುದು ಕಷ್ಟವಲ್ಲ. ಪ್ರೊಸೆಸರ್ ವೇಗ ಹೆಚ್ಚುಕಡಿಮೆ ಪೂರ್ತಿ ಸಿಗುತ್ತದೆ. ತೊಡಕು ಬರುವುದು ಚಿತ್ರದ ಕಡೆ. ವರ್ಚುವಲ್ ಮೆಷಿನ್‌ಗೆ ಸಾಮಾನ್ಯವಾಗಿ ಸಿಗುವುದು ಸಾಫ್ಟ್‌ವೇರ್‌ನಲ್ಲೇ ಮಾಡಿದ ಒಂದು ಗ್ರಾಫಿಕ್ಸ್ ಕಾರ್ಡ್. ಮೇಲ್ ನೋಡಲು, ಬಿಲ್ ಮಾಡಲು ಅದು ಸಾಕು. ಕಾರ್ಡಿನೊಳಗಿನ ಕುಡಾ (CUDA) ಎಂಬ ಲೆಕ್ಕ ಮಾಡುವ ಕೋರ್‌ಗಳನ್ನೇ ನಂಬಿರುವ ರೆಂಡರ್‌ಗೆ ಅದರಿಂದ ಏನೂ ಪ್ರಯೋಜನವಿಲ್ಲ. ನಿಜವಾದ ಕಾರ್ಡನ್ನೇ ಒಳಗೆ ಕೊಡಬೇಕು.

ಕೊಡುವುದು ಅಂದರೆ ಎಂತ? ಗ್ರಾಫಿಕ್ಸ್ ಕಾರ್ಡ್ ಪ್ರೊಸೆಸರ್‌ನ ಕೈ ಕಾಯದೆ ತಾನೇ ಮೆಮೊರಿಗೆ ಹೋಗಿ ಓದುತ್ತದೆ, ಬರೆಯುತ್ತದೆ. ಒಳಗಿನ ವಿಂಡೋಸ್ ತನ್ನ ಮೆಮೊರಿ ಸೊನ್ನೆಯಿಂದ ಶುರು ಅಂತ ತಿಳಿದಿರುತ್ತದೆ. ನಿಜವಾದ ರ್‍ಯಾಮ್‌ನಲ್ಲಿ ಆ ಜಾಗದಲ್ಲಿ ಲಿನಕ್ಸ್‌ನದ್ದೇ ಏನೋ ಕೂತಿರುತ್ತದೆ. ವಿಂಡೋಸ್ ಹೇಳಿದ ವಿಳಾಸಕ್ಕೆ ಕಾರ್ಡ್ ನೇರವಾಗಿ ಬರೆದರೆ ಇಡೀ ಕಂಪ್ಯೂಟರ್ ಬಿದ್ದುಹೋಗುತ್ತದೆ. ಇದನ್ನು ತಡೆಯುವುದು ಐಒಎಂಎಂಯು ಎಂಬ ಹಾರ್ಡ್‌ವೇರ್ ಭಾಗ. ಇಂಟೆಲ್ ಇದಕ್ಕೆ ವಿಟಿ-ಡಿ ಅನ್ನುತ್ತದೆ, ಎಎಂಡಿ ಎಎಂಡಿ-ವಿಐ ಅನ್ನುತ್ತದೆ. ಕಾರ್ಡ್ ಕೇಳಿದ ಪ್ರತಿ ವಿಳಾಸವನ್ನು ಅದು ಸರಿಯಾದ ಜಾಗಕ್ಕೆ ತಿರುಗಿಸುತ್ತದೆ. ತನ್ನದಲ್ಲದ ಜಾಗಕ್ಕೆ ಕೈ ಹಾಕಿದರೆ ಅಲ್ಲೇ ನಿಲ್ಲಿಸುತ್ತದೆ. ಈ ಕಾವಲು ಇರುವುದರಿಂದಲೇ 2012ರಲ್ಲಿ ಲಿನಕ್ಸ್ 3.6ರ ಜೊತೆ ಬಂದ ವಿಎಫ್‌ಐಒ ಎಂಬ ಕರ್ನೆಲ್ ಭಾಗ ಒಂದು ಸಾಧನವನ್ನು ಧೈರ್ಯವಾಗಿ ಹೊರಗಿನವರ ಕೈಗೆ ಕೊಡುತ್ತದೆ. ರೆಡ್ ಹ್ಯಾಟ್ ಕಂಪನಿಯಲ್ಲಿದ್ದಾಗ ಅಲೆಕ್ಸ್ ವಿಲಿಯಮ್ಸನ್ ಇದಕ್ಕೆ ಹಾಕಿದ ಶ್ರಮಕ್ಕೆ ನನಗೆ ತುಂಬಾ ಗೌರವ ಇದೆ.

ಬೋರ್ಡಿನ ಪ್ರಶ್ನೆ ಏಳುವುದು ಇಲ್ಲಿ. ವಿಎಫ್‌ಐಒ ಸಾಧನಗಳನ್ನು ಒಂದೊಂದಾಗಿ ನೋಡುವುದಿಲ್ಲ, ಗುಂಪು ಗುಂಪಾಗಿ ನೋಡುತ್ತದೆ. ಬೋರ್ಡಿನ ಸಾಧನಗಳನ್ನು ಪ್ರೊಸೆಸರ್‌ಗೆ ಜೋಡಿಸುವ ಚಿಪ್‌ಸೆಟ್‌ನ ಹಿಂದೆ ಇರುವ ಸಾಧನಗಳು ಐಒಎಂಎಂಯು ತನಕ ಬರದೆ ತಮ್ಮತಮ್ಮಲ್ಲೇ ಮಾತಾಡಿಕೊಳ್ಳಬಹುದು. ಹಾಗೆ ಆಗದಂತೆ ತಡೆಯುವ ಎಸಿಎಸ್ ಎಂಬ ಏರ್ಪಾಡು ಬೋರ್ಡಿನಲ್ಲಿ ಇಲ್ಲದಿದ್ದರೆ ಕರ್ನೆಲ್ ಅವನ್ನೆಲ್ಲ ಒಂದೇ ಗುಂಪಿಗೆ ಹಾಕುತ್ತದೆ. ಪಾಲಾಗದ ಕುಟುಂಬದ ಆಸ್ತಿ ಇದ್ದ ಹಾಗೆ. ಒಂದು ಗದ್ದೆ ಮಾತ್ರ ಬೇರೆಯವರಿಗೆ ಬರೆದುಕೊಡಲು ಆಗುವುದಿಲ್ಲ.

ಅಕ್ಕನ ಕಂಪ್ಯೂಟರಿನಲ್ಲಿ ಎಎಂಡಿಯ ರೈಜನ್ 5700ಜಿ ಪ್ರೊಸೆಸರ್ ಇದೆ, ಬಿ550 ಚಿಪ್‌ಸೆಟ್‌ನ ಬೋರ್ಡ್, ಎನ್‌ವಿಡಿಯಾದ ಆರ್‌ಟಿಎಕ್ಸ್ 3060 ಕಾರ್ಡ್. ಪ್ರೊಸೆಸರ್ ಒಳಗೇ ಗ್ರಾಫಿಕ್ಸ್ ಇರುವುದರಿಂದ ಲಿನಕ್ಸ್‌ಗೆ ಅದು ಸಾಕು. 3060ರ 12 ಜಿಬಿ ಪೂರ್ತಿ ವಿಂಡೋಸ್‌ಗೆ ಬಿಡಬಹುದು. ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್) ಎಸ್‌ವಿಎಂ (ಎಎಂಡಿ ಪ್ರೊಸೆಸರ್‌ನ ವರ್ಚುವಲ್ ಮೆಷಿನ್ ಸೌಲಭ್ಯ) ಮತ್ತು ಐಒಎಂಎಂಯು ಆನ್ ಮಾಡಿ, ಮೊದಲ ಡಿಸ್‌ಪ್ಲೇ ಒಳಗಿನ ಗ್ರಾಫಿಕ್ಸ್‌ನಿಂದಲೇ ಬರಲಿ ಅಂತ ಇಟ್ಟು, ಗುಂಪುಗಳ ಪಟ್ಟಿ ತೆಗೆದೆ.

ಮೇಲಿನ ಸ್ಲಾಟ್‌ನಲ್ಲಿ ಹಳೆಯ ಚಿಕ್ಕ ಕಾರ್ಡೊಂದು ಕೂತಿತ್ತು, 3060 ಕೆಳಗಿನದರಲ್ಲಿ. ಪಟ್ಟಿಯಲ್ಲಿ 3060ರ ಗುಂಪು ನೋಡಿದರೆ ಸಾಲುಸಾಲು ಹೆಸರು. ನೆಟ್‌ವರ್ಕ್ ಚಿಪ್, ಹಾರ್ಡ್ ಡಿಸ್ಕ್ ಜೋಡಿಸುವ ಸಾಟಾ, ಯುಎಸ್‌ಬಿ, ಎಲ್ಲವೂ ಅದೇ ಗುಂಪಿನಲ್ಲಿ. ಕೊಟ್ಟರೆ ಇಡೀ ಗುಂಪು ಕೊಡಬೇಕು. ಆಗ ಲಿನಕ್ಸ್‌ಗೆ ಇಂಟರ್‌ನೆಟ್ಟೂ ಇಲ್ಲ, ಕೆಲಸದ ಫೈಲ್‌ಗಳಿರುವ ಡಿಸ್ಕೂ ಇಲ್ಲ.

ಕ್ಯಾಬಿನೆಟ್ ಬಿಚ್ಚಿದೆ. ನಮ್ಮ ಕಡಲ ಗಾಳಿಗೆ ಸ್ಕ್ರೂಗಳೆಲ್ಲ ತುಕ್ಕು ಹಿಡಿದಿದ್ದವು, ಒಂದೊಂದನ್ನೂ ಮೆಲ್ಲ ತಿರುಗಿಸಿ ತೆಗೆಯಬೇಕಾಯಿತು. ಹಳೆಯ ಕಾರ್ಡ್ ತೆಗೆದು 3060 ಅನ್ನು ಮೇಲೆ ಕೂರಿಸಿದೆ. ಈ ಸ್ಲಾಟ್‌ನ ತಂತಿ ಚಿಪ್‌ಸೆಟ್‌ಗೆ ಹೋಗದೆ ನೇರ ಪ್ರೊಸೆಸರ್‌ಗೆ ಹೋಗುತ್ತದೆ. ಮತ್ತೆ ಪಟ್ಟಿ ತೆಗೆದರೆ ಆ ಗುಂಪಿನಲ್ಲಿ ಎರಡೇ ಸಾಲು. ಒಂದು ಕಾರ್ಡಿನ ಚಿತ್ರದ ಭಾಗ, ಇನ್ನೊಂದು ಅದೇ ಕಾರ್ಡಿನ ಎಚ್‌ಡಿಎಂಐ ಆಡಿಯೋ. ಬೇಕಾದದ್ದು ಅಷ್ಟೇ. ಆ ಎರಡು ಸಾಲು ನೋಡಿ ಆದ ಖುಷಿ ಅಷ್ಟಿಷ್ಟಲ್ಲ.

ಸ್ಲಾಟ್ ಬದಲಿಸಿದರೂ ಗುಂಪು ಒಡೆಯದಿದ್ದರೆ ಕೆಲವರು ಎಸಿಎಸ್ ಓವರ್‌ರೈಡ್ ಪ್ಯಾಚ್ ಹಾಕುತ್ತಾರೆ. ಮೂಲ ಕರ್ನೆಲ್‌ಗೆ ಅದನ್ನು ಸೇರಿಸಿಕೊಂಡಿಲ್ಲ. ಬೇರೆ ಆಗದ ಸಾಧನಗಳು ಬೇರೆಯಾಗಿವೆ ಅಂತ ಅದು ಕರ್ನೆಲ್‌ಗೆ ನಂಬಿಸುತ್ತದೆ, ತಂತಿ ಮಾತ್ರ ಹಾಗೇ ಇರುತ್ತದೆ. ಮನೆಯಲ್ಲಿ ಗೇಮ್ ಆಡುವವರು ಹಾಕಿಕೊಳ್ಳಲಿ. ಬೇರೆಯವರ ಮನೆಯ ನಕ್ಷೆ, ಜಾಗದ ದಾಖಲೆ ಇರುವ ಆಫೀಸಿನ ಕಂಪ್ಯೂಟರಿಗೆ ನಾನು ಹಾಕುವುದಿಲ್ಲ.

ಗುಂಪು ಸರಿಯಾದ ಮೇಲೆ ಉಳಿದದ್ದು ಬೇಗ ಮುಗಿಯುತ್ತದೆ. ಪ್ರತಿ ಸಾಧನಕ್ಕೂ ಒಂದು ಗುರುತು ಇರುತ್ತದೆ, ಅದರ ಮೊದಲ ಭಾಗ ಕಂಪನಿಯದು. ಎನ್‌ವಿಡಿಯಾಗೆ 10ಡಿಇ, ಎಎಂಡಿಯ ಗ್ರಾಫಿಕ್ಸ್‌ಗೆ 1002. ಇಂಟೆಲ್‌ಗೆ 8086, ಅದರ ಹಳೆಯ ಪ್ರಸಿದ್ಧ ಚಿಪ್‌ನ ಹೆಸರೇ! ಕಾರ್ಡಿನ ಎರಡೂ ಗುರುತುಗಳನ್ನು ವಿಎಫ್‌ಐಒ-ಪಿಸಿಐ ಡ್ರೈವರ್‌ಗೆ ಬರೆದುಕೊಟ್ಟು, ಬೂಟ್ ಆಗುವಾಗ ನೂವೋ (ಎನ್‌ವಿಡಿಯಾ ಕಾರ್ಡ್‌ಗೆ ಲಿನಕ್ಸ್‌ನ ಮುಕ್ತ ಡ್ರೈವರ್) ಅಥವಾ ಎನ್‌ವಿಡಿಯಾದ್ದೇ ಡ್ರೈವರ್‌ಗಿಂತ ಮೊದಲೇ ಅದು ಲೋಡ್ ಆಗುವಂತೆ ಮಾಡಬೇಕು. ಲಿನಕ್ಸ್ ಒಮ್ಮೆ ಕಾರ್ಡ್ ಹಿಡಿದುಕೊಂಡರೆ ಆಮೇಲೆ ಬಿಡಿಸುವುದು ರಗಳೆ. ರೀಬೂಟ್ ಮಾಡಿ ನೋಡಿದಾಗ ಕಾರ್ಡಿಗೂ ಆಡಿಯೋಗೂ ಬಳಕೆಯಲ್ಲಿರುವ ಡ್ರೈವರ್ ವಿಎಫ್‌ಐಒ-ಪಿಸಿಐ ಅಂತಲೇ ಕಾಣಬೇಕು. ಆಮೇಲೆ ವರ್ಚುವಲ್ ಮೆಷಿನ್ ನಡೆಸುವ ವರ್ಟ್-ಮ್ಯಾನೇಜರ್‌ನಲ್ಲಿ ಯುಇಎಫ್‌ಐ (ಬಯಾಸ್‌ನ ಹೊಸ ರೂಪ) ಆರಿಸಿ ವಿಂಡೋಸ್ ಹಾಕಿ, ಎರಡೂ ಸಾಧನ ಸೇರಿಸಿದರೆ ಆಯಿತು.

ಹಿಂದೆ ಇಲ್ಲೊಂದು ದೊಡ್ಡ ತಲೆನೋವಿತ್ತು. ತಾನು ವರ್ಚುವಲ್ ಮೆಷಿನ್ ಒಳಗಿದ್ದೇನೆ ಅಂತ ಗೊತ್ತಾದರೆ ಎನ್‌ವಿಡಿಯಾದ ಜಿಫೋರ್ಸ್ ಡ್ರೈವರ್ ಕೋಡ್ 43 ಎಂಬ ದೋಷ ತೋರಿಸಿ ನಿಂತುಬಿಡುತ್ತಿತ್ತು. ಕೆವಿಎಂನ ಗುರುತನ್ನೇ ಮರೆಮಾಡಿ ಜನ ಓಡಿಸುತ್ತಿದ್ದರು. 2021ರಲ್ಲಿ 465ನೇ ಸರಣಿಯ ಡ್ರೈವರ್‌ನಿಂದ ಎನ್‌ವಿಡಿಯಾ ಆ ತಡೆ ತೆಗೆಯಿತು. ಎಎಂಡಿಯ ಕೆಲವು ಹಳೆಯ ಕಾರ್ಡ್‌ಗಳಲ್ಲಿ ಬೇರೆಯದೇ ತೊಂದರೆ. ಒಳಗಿನ ವಿಂಡೋಸ್ ಆಫ್ ಮಾಡಿದ ಮೇಲೆ ಕಾರ್ಡ್ ರೀಸೆಟ್ ಆಗುವುದಿಲ್ಲ, ಇಡೀ ಕಂಪ್ಯೂಟರ್ ರೀಬೂಟ್ ಮಾಡಬೇಕು. ಸೆಕೆಂಡ್ ಹ್ಯಾಂಡ್ ಕಾರ್ಡ್ ನೋಡುವವರು ಇದನ್ನು ಮೊದಲೇ ವಿಚಾರಿಸಿಕೊಳ್ಳಿ.

ರ್‍ಯಾಮ್ ಮಾತ್ರ ಧಾರಾಳವಾಗಿ ಹಾಕಿ. ಕಾರ್ಡ್ ಯಾವಾಗ ಯಾವ ಜಾಗಕ್ಕೆ ಬರೆಯುತ್ತದೆ ಅಂತ ಹೇಳಲಾಗದ ಕಾರಣ ವಿಂಡೋಸ್‌ಗೆ ಕೊಟ್ಟ ಮೆಮೊರಿ ಪೂರ್ತಿ ಲಾಕ್ ಆಗಿರುತ್ತದೆ. ಲಿನಕ್ಸ್ ಅದನ್ನು ಸ್ವಾಪ್‌ಗೆ (ಡಿಸ್ಕ್‌ಗೆ) ಕಳಿಸುವ ಹಾಗಿಲ್ಲ. 32 ಜಿಬಿಯಲ್ಲಿ 16 ಕೊಟ್ಟೆವು ಅಂದರೆ ಆ 16 ಹೋಯಿತು ಅಂತಲೇ ಲೆಕ್ಕ.

ಈಗ ಮೇಜಿನ ಒಂದು ಕಡೆ ಅಕ್ಕ, ಇನ್ನೊಂದು ಕಡೆ ಹುಡುಗ. ಇಬ್ಬರಿಗೂ ಬೇರೆಬೇರೆ ಮಾನಿಟರ್, ಕೀಬೋರ್ಡ್, ಮೌಸ್. ಅಕ್ಕನ ಮಾನಿಟರ್‌ನ ಕೇಬಲ್ ನೇರ 3060ಕ್ಕೆ. ಚಾವಡಿಯ ಸುತ್ತ ಕ್ಯಾಮೆರಾ ತಿರುಗಿಸಿ ನೋಡಿದವಳು "ಎಂತ ಮಾರಾಯ, ಇದು ಎಲ್ಲೂ ನಿಲ್ಲುವುದೇ ಇಲ್ವಾ?" ಅಂದಳು. ಅದೇ ಹೊತ್ತಿಗೆ ಹುಡುಗ ಆಚೆ ಕಡೆ ಪ್ಲಾನ್ ಪ್ರಿಂಟ್ ತೆಗೆಯುತ್ತಿದ್ದ. ವಿಂಡೋಸ್ ಇಡೀ ಒಂದು ಫೈಲ್ ಆಗಿರುವುದರಿಂದ ಅಪ್‌ಡೇಟ್‌ಗೆ ಮೊದಲು ಅದನ್ನು ಆಫ್ ಮಾಡಿ ಒಂದು ನಕಲು ತೆಗೆದಿಡುತ್ತೇವೆ. ಗುಡುಗು ಸಿಡಿಲು ಜಾಸ್ತಿ ಇರುವ ನಮ್ಮೂರಿನಲ್ಲಿ ಆ ನಕಲು ಬೇರೆ ಡಿಸ್ಕ್‌ನಲ್ಲಿ ಇರುವುದು ದೊಡ್ಡ ನೆಮ್ಮದಿ.

ಮಂಗಳೂರು, ಉಡುಪಿ ಕಡೆ ಯಾರಾದರೂ ಹೀಗೆ ಮಾಡುವ ಯೋಚನೆಯಲ್ಲಿ ಇದ್ದರೆ, ದುಡ್ಡು ಕೊಡುವ ಮೊದಲು ಬೋರ್ಡಿನ ಹೆಸರು ನನಗೆ ಬರೆದು ಕಳಿಸಿ. ಬೋರ್ಡ್ ಆಗಲೇ ಕೈಯಲ್ಲಿದ್ದರೆ ಗುಂಪುಗಳ ಪಟ್ಟಿಯನ್ನೇ ಕಳಿಸಿ, ಯಾವ ಸ್ಲಾಟ್ ಆಗುತ್ತದೆ ಅಂತ ಒಟ್ಟಿಗೆ ನೋಡೋಣ.