ಲೂಸ್ ಮೋಷನ್ ಮಾತ್ರೆ ಕೇಳಿದರೆ ನನ್ನ ಮೊದಲ ಪ್ರಶ್ನೆ

ಹನುಮಂತನಗರದಲ್ಲಿ ನನ್ನದೊಂದು ಮೆಡಿಕಲ್ ಸ್ಟೋರ್. ಶಟರ್ ಅರ್ಧ ಇಳಿಸಿದ ಮೇಲೇ ಬರುವ ಗಿರಾಕಿಗಳು ಜಾಸ್ತಿ. ಮೊನ್ನೆಯೂ ಹಾಗೇ, ಹಿಂದಿನ ಕ್ರಾಸಿನ ಆಂಟಿಯೊಬ್ಬರು ಹೊಟ್ಟೆ ಹಿಡಿದುಕೊಂಡೇ ಬಂದರು.

"ಲೂಸ್ ಮೋಷನ್ ನಿಲ್ಲೋಕೆ ಏನಾದ್ರೂ ಕೊಡಪ್ಪ."

"ಆಂಟಿಬಯೋಟಿಕ್ ಏನಾದ್ರೂ ತಗೊಂಡಿದ್ರಾ ಆಂಟಿ?"

"ಹಲ್ಲು ಕೀಳಿಸಿದಾಗ ಕೊಟ್ಟಿದ್ರು. ಅದು ಮುಗಿದು ವಾರ ಆಯ್ತಲ್ಲ, ಅದಕ್ಕೂ ಇದಕ್ಕೂ ಏನು ಸಂಬಂಧ?"

ಸಂಬಂಧ ಇದೆ. ಆಂಟಿಬಯೋಟಿಕ್ ಕರುಳಿನಲ್ಲಿರುವ ಒಳ್ಳೇ ಬ್ಯಾಕ್ಟೀರಿಯಾಗಳನ್ನೂ ಬಿಡುವುದಿಲ್ಲ. ಹೊಟ್ಟೆ ಸ್ವಲ್ಪ ಸಡಿಲವಾಗುವುದು ಮಾಮೂಲು, ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಅನ್ನುವ ಆಂಟಿಬಯೋಟಿಕ್ ತಗೊಂಡವರಲ್ಲಂತೂ ದಿನಾ ಕೇಳುವ ದೂರು. ಆದರೆ ಒಳ್ಳೆಯವು ಖಾಲಿಯಾದ ಜಾಗದಲ್ಲಿ ಸಿ. ಡಿಫಿಸೀಲ್ ಅನ್ನುವ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡಲು ಶುರುಮಾಡಿದರೆ ಕಥೆ ಬೇರೆ. ಕೋರ್ಸ್ ಮುಗಿದು ವಾರಗಳಾದ ಮೇಲೂ ಅದು ಕಾಣಿಸಿಕೊಳ್ಳಬಹುದು. ದಿನಕ್ಕೆ ಮೂರು ಸಲ ಅಥವಾ ಅದಕ್ಕಿಂತ ಹೆಚ್ಚು ನೀರಿನಂತೆ ಭೇದಿ, ಜತೆಗೆ ಜ್ವರ, ಹೊಟ್ಟೆ ಹಿಂಡುವ ನೋವು, ಮಲದಲ್ಲಿ ರಕ್ತ, ಇಂಥದ್ದಿದ್ದರೆ ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆ ನುಂಗಿ ತಡೆಯಲು ಹೋಗಬಾರದು, ಡಾಕ್ಟರಿಗೆ ತೋರಿಸಬೇಕು. ಆಂಟಿಗೆ ಮೈ ಬಿಸಿಯಿತ್ತು. ಓಆರ್‌ಎಸ್ ಪ್ಯಾಕೆಟ್ ಮಾತ್ರ ಕೊಟ್ಟು, ಮಗನಿಗೆ ಫೋನ್ ಮಾಡಿಸಿ, ಆಗಲೇ ಆಸ್ಪತ್ರೆಗೆ ಕಳಿಸಿದೆ. "ಹತ್ತು ರೂಪಾಯಿ ಮಾತ್ರೆ ಕೊಡೋಕೆ ಇಷ್ಟು ವಿಚಾರಣೆನಾ" ಅಂತ ಗೊಣಗಿದರು. ಗೊಣಗಲಿ.

ಆಂಟಿಬಯೋಟಿಕ್‌ನ ಕೆಲವು ಅಡ್ಡಪರಿಣಾಮಗಳಿಗೆ ಇಷ್ಟು ಮಾತಾಡುವ ವ್ಯವಧಾನವೂ ಇರಬಾರದು. ಮಾತ್ರೆ ನುಂಗಿದ ಮೇಲೆ ತುಟಿ, ನಾಲಿಗೆ ಊದಿಕೊಂಡು ಉಸಿರು ಕಟ್ಟಿದರೆ ನೇರ 108. ಬಾಯೊಳಗೆ ಗುಳ್ಳೆಯೆದ್ದು, ಚರ್ಮ ಸುಲಿಯತೊಡಗಿದರೂ ತುರ್ತು ಚಿಕಿತ್ಸೆಯೇ ಬೇಕು, ಅಂಗಡಿಯ ಅಲರ್ಜಿ ಮಾತ್ರೆ ಸಾಲದು. ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್ ಅನ್ನುವ ಆಂಟಿಬಯೋಟಿಕ್ ತಗೊಳ್ಳುವವರಿಗೆ, ಅದರಲ್ಲೂ 60 ದಾಟಿದವರಿಗೆ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ನೋವು ಬಂದರೆ ವಾಕಿಂಗ್ ಜಾಸ್ತಿಯಾಯ್ತು ಅಂತ ಮುಲಾಮು ಹಚ್ಚಿ ಸುಮ್ಮನಿರಬೇಡಿ. ಮಾತ್ರೆ ನಿಲ್ಲಿಸಿ, ಕೊಟ್ಟ ಡಾಕ್ಟರಿಗೆ ಅವತ್ತೇ ಫೋನ್ ಮಾಡಿ. ಶುಗರ್ ಇದ್ದವರಲ್ಲಿ ಇದೇ ಮಾತ್ರೆಗಳಿಂದ ಶುಗರ್ ದಿಢೀರನೆ ಇಳಿಯುವುದೂ ಉಂಟು.

ಆಂಟಿಬಯೋಟಿಕ್ ಶುರುಮಾಡಿ ಎರಡು-ಮೂರು ದಿನವಾದರೂ ಜ್ವರ ಜಗ್ಗದಿದ್ದರೆ "ಇನ್ನೂ ಪವರ್‌ಫುಲ್ ಕೊಡಿ" ಅಂತ ನನ್ನ ಹತ್ತಿರ ಬರುತ್ತಾರೆ. ಆಗಲೂ ಹೋಗಬೇಕಾದ್ದು ಡಾಕ್ಟರ ಹತ್ತಿರವೇ. ಹೋಗುವಾಗ ಸ್ಟ್ರಿಪ್ ಜೇಬಿನಲ್ಲಿರಲಿ. "ಬಿಳಿ ಮಾತ್ರೆ, ಉದ್ದಕ್ಕಿತ್ತು" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ, ಅಂಥವು ನನ್ನ ಅಂಗಡಿಯಲ್ಲೇ ನೂರಾರಿವೆ.