ಬಾಡಿಗೆ ಮನೆಗೂ ಬಂದಳು ಗೌರಮ್ಮ

ವರಮಹಾಲಕ್ಷ್ಮಿಯನ್ನು ಮನೆಯಲ್ಲೇ ನೆಲೆಸು ತಾಯಿ ಎಂದು ಬೇಡಿಕೊಳ್ಳುತ್ತೇವೆ. ಗೌರಿಯನ್ನು ಹಾಗೆ ಕೇಳುವಂತಿಲ್ಲ. ಭಾದ್ರಪದದ ತದಿಗೆಗೆ ತವರಿಗೆ ಬರುತ್ತಾಳೆ, ಚೌತಿಗೆ ಹಿಂದೆಯೇ ಮಗ ಬರುತ್ತಾನೆ, ಮಡಿಲು ತುಂಬಿ ಕಳಿಸಬೇಕು. ಜರ್ಮನಿಗೆ ಬಂದ ಮೇಲೆ ಈ ತಾಯಿ ನನಗೆ ಮೊದಲಿಗಿಂತ ಹತ್ತಿರದವಳಾದಳು.

ಯಜಮಾನರ ಕಂಪನಿ ಕೆಲಸದ ಮೇಲೆ ಸದ್ಯಕ್ಕೆ ನಾವು ಡಾರ್ಟ್‌ಮುಂಡ್‌ನಲ್ಲಿದ್ದೇವೆ. ಮಂಚ, ಮೇಜು, ಕಡೆಗೆ ಚಮಚ ಕೂಡ ಮನೆ ಮಾಲೀಕರದು. "ಊರಿಗೆ ಹೋದ ಮೇಲೆ ಮಾಡಿದರಾಯಿತು" ಎನ್ನುವ ಮಾತು ಇಂಥ ಮನೆಗಳಲ್ಲಿ ಎಲ್ಲದಕ್ಕೂ ಬಳಕೆಯಾಗುತ್ತದೆ, ವ್ರತಕ್ಕೂ, ನೆರೆಯವರ ಪರಿಚಯಕ್ಕೂ. 2025ರಲ್ಲಿ ಗೌರಿ ಬಂದದ್ದು ಆಗಸ್ಟ್ 26ಕ್ಕೆ, ಇಲ್ಲಿಯ ಶಾಲೆಗಳ ಬೇಸಿಗೆ ರಜೆಯ ಕಡೆಯ ದಿನ. ಮಾರನೇ ದಿನ ಗಣೇಶನೂ ಶಾಲೆಯೂ ಒಟ್ಟಿಗೆ. ಈ ಸಲ ಬಿಟ್ಟುಬಿಡೋಣವೇ ಎಂದು ಮನಸ್ಸು ಜಾರಿತು.

ಆಗ ಅಜ್ಜಿ ನೆನಪಾದರು. ನೆನಪಾದದ್ದು ಮುಖವಲ್ಲ, ಅವರ ಕೈಯ ವಾಸನೆ. ಹಾಸನದ ಕಡೆಯ ನಮ್ಮ ಹಳ್ಳಿ ಮನೆಯಲ್ಲಿ ಅಂಗಡಿಯ ಗೌರಿ ಬರುತ್ತಿರಲಿಲ್ಲ. ಅರಿಶಿನದ ಕೊಂಬು ನೆನೆಸಿ, ಒರಳಲ್ಲಿ ಅರೆದು, ಅಜ್ಜಿಯೇ ಅಂಗೈಯಲ್ಲಿ ಅಮ್ಮನವರನ್ನು ಮಾಡುತ್ತಿದ್ದರು. ಹಸಿ ಅರಿಶಿನಕ್ಕೆ ಮಣ್ಣಿನ ಘಮ, ಅದರ ಹಿಂದೆ ಒಂದು ಸಣ್ಣ ಕಹಿ. ಅದೇ ಕೈಯಲ್ಲಿ ಹೊಸ ಮೊರಗಳಿಗೆ ಅರಿಶಿನ ಬಳಿಯುವರು, ಅದೇ ಕೈಯಲ್ಲಿ ನಮ್ಮ ಗಲ್ಲ ಹಿಡಿಯುವರು. ಹಬ್ಬ ಮುಗಿದರೂ ವಾಸನೆ ಮುಗಿಯುತ್ತಿರಲಿಲ್ಲ. ನಾಳೆ ನೀರಿಗೆ ಬಿಡುವ ಗೌರಿಗೆ ಇಷ್ಟೆಲ್ಲ ಯಾಕಜ್ಜಿ ಎಂದರೆ, "ಗೌರಮ್ಮ ಬರೋದೇ ಹೋಗೋಕ್ಕೆ ಕಣೇ. ಹಂಗಂತ ಮನೆ ಸಾರಿಸ್ದೇ ಇರ್ತಾರಾ?" ಎನ್ನುತ್ತಿದ್ದರು.

ಸರಿ, ಪ್ಯಾಕೆಟ್ಟಿನ ಅರಿಶಿನವನ್ನೇ ಕಲಸಿದೆ. ಅಡುಗೆಮನೆಯ ಬಿಳಿ ಕಟ್ಟೆ ಹಳದಿಯಾಯಿತು, ಅದನ್ನು ಉಜ್ಜುವ ಕಥೆ ಬೇಡ. ಮೂಗಿನ ತುಂಬ ಅಜ್ಜಿ. ಮಗಳು ಪಕ್ಕದಲ್ಲಿ ಕೂತು ಹದಿನಾರು ಎಳೆಯ ದಾರಕ್ಕೆ ಹದಿನಾರು ಗಂಟು ಹಾಕಿದಳು, ಎಣಿಕೆ ತಪ್ಪಿದರೆ ಜರ್ಮನ್‌ನಲ್ಲಿ ಮತ್ತೆ ಮೊದಲಿಂದ.

ಬಾಗಿನ ಯಾರಿಗೆ ಕೊಡುವುದು? ನನಗೆ ಹೊಳೆದದ್ದು ಶ್ರೀಲಂಕಾ ತಮಿಳರ ಅಂಗಡಿಯ ಅಕ್ಕ. ವೀಳ್ಯದೆಲೆ, ತೆಂಗಿನಕಾಯಿಗೆ ನಮಗೆಲ್ಲ ಅವರೇ ಗತಿ. ಹಾಮ್ ಊರಿನ ಕಾಮಾಕ್ಷಿ ಅಮ್ಮನ ತೇರಿಗೆ ನಮ್ಮನ್ನು ಎಬ್ಬಿಸಿ ಕರೆದೊಯ್ದವರೂ ಅವರೇ. ಕೈಗಾರಿಕಾ ಪ್ರದೇಶದ ಶೆಡ್ಡುಗಳ ನಡುವೆ ಥಟ್ಟನೆ ಗೋಪುರ ಕಂಡಾಗ ಕೈ ತಾನಾಗಿ ಮುಗಿದಿತ್ತು. ಶ್ರೀಲಂಕಾದಲ್ಲಿ 1983ರಲ್ಲಿ ಶುರುವಾದ ಯುದ್ಧಕ್ಕೆ ಊರು ಬಿಟ್ಟು ಬಂದವರು, ಗಲಾಟೆ ತಣ್ಣಗಾದರೆ ಹಿಂದಿರುಗೋಣ ಎಂದುಕೊಂಡಿದ್ದವರು ಇಲ್ಲಿಯ ಆ ತಮಿಳರಲ್ಲಿ ಎಷ್ಟೋ ಜನ. 2002ರಲ್ಲಿ ಅಮ್ಮನಿಗೆ ಈ ಗುಡಿಯಾಯಿತು. ಅವಳ ತೀರ್ಥಸ್ನಾನ ಈಗ ಪಕ್ಕದ ಹಡಗಿನ ಕಾಲುವೆಯಲ್ಲಿ. ಕಂಚಿಯವಳು ಅಲ್ಲಿಗೆ ಬಂದಳೆಂದರೆ ನಮ್ಮ ಗೌರಮ್ಮ ಬಾಡಿಗೆ ಮನೆಗೆ ಬರುವುದು ಯಾವ ದೊಡ್ಡ ಮಾತು! ಇಬ್ಬರೂ ಒಬ್ಬಳೇ ತಾನೆ?

ಬೇಸರವಾಗುವುದು ಊರಿನವರನ್ನು ನೋಡಿ. ಬೆಂಗಳೂರಿನ ನನ್ನ ಓರಗಿತ್ತಿ ಫೋನಿನಲ್ಲಿ ತೋರಿಸಿದಳು: ಅಂಗೈಯಗಲದ ಪ್ಲಾಸ್ಟಿಕ್ ಮೊರ, ಒಳಗೆ ಚಿಟಿಕೆ ಬೇಳೆ, ಕಾಗದದ ಕನ್ನಡಿ, ರೆಡಿಮೇಡ್ ಬಾಗಿನ. ಪಕ್ಕದ ಬೀದಿಯಲ್ಲೇ ಬಿದಿರಿನ ಮೊರ ಮಾರಲು ಕೂತವರಿರುತ್ತಾರಲ್ಲ, ಅವರ ಹತ್ತಿರ ಬಗ್ಗಿ ಒಂದು ಜೊತೆ ಕೊಳ್ಳಲು ಏನು ಕಷ್ಟ? ನಮ್ಮಮ್ಮ ಸೂಟ್‌ಕೇಸಿನ ತಳದಲ್ಲಿ ಮೊರ ಇಟ್ಟು, ಮೇಲೆ ಸ್ವೆಟರ್ ಹಾಸಿ ಕಳಿಸಿದ್ದರು.

ಅಕ್ಕನಿಗೆ ಅರಿಶಿನ ಕುಂಕುಮ ಕೊಟ್ಟು, ಸೆರಗು ಮುಚ್ಚಿ ಬಾಗಿನ ಕೊಟ್ಟೆ. ಅವರು ವರಲಕ್ಷ್ಮಿ ನೋನ್ಬು ಬಲ್ಲವರು, ಮೊರದ ಬಾಗಿನ ಮೊದಲ ಸಲ. ಕಣ್ಣಿಗೊತ್ತಿಕೊಂಡು, ಮೇಲಿನ ಮೊರ ಸರಿಸಿ ಒಳಗಿನದನ್ನೆಲ್ಲ ನೋಡಿದರು: ಅಕ್ಕಿ, ತೊಗರಿಬೇಳೆ, ಬೆಲ್ಲದಚ್ಚು, ಬಳೆ, ಬಿಚ್ಚೋಲೆ, ರವಿಕೆ ಕಣ. ಆಮೇಲೆ ಅರ್ಧ ತಮಿಳು ಅರ್ಧ ಜರ್ಮನ್‌ನಲ್ಲಿ, "ತಂಗಚ್ಚಿ, ಯಾವುದು ಎಷ್ಟು ಹಾಕಬೇಕು ಬರೆದುಕೊಡು. ಮುಂದಿನ ವರ್ಷ ಕನ್ನಡದವರಿಗೆ ನಾನೇ ಕಟ್ಟಿ ಇಡುತ್ತೇನೆ" ಎಂದರು. ಬಿಲ್ಲಿನ ಹಿಂಭಾಗದಲ್ಲಿ ಪಟ್ಟಿ ಬರೆದುಕೊಟ್ಟೆ, ಬೇಳೆ ಮಾತ್ರ ಚಿಟಿಕೆ ಸಾಲದು, ಬೊಗಸೆ ಇರಲಿ ಎಂದು ಹೇಳಿ.