ದೊಡ್ಡ ಅಂಕಿ ಬಿಟ್ಟು ಸಣ್ಣ ಅಕ್ಷರ ಓದಿ: ಈ ಚಳಿಗಾಲದ ಬೇಸ್‌ಬಾಲ್ ಕರಾರುಗಳು

ಕೈಲ್ ಟಕರ್ ನಾಲ್ಕು ವರ್ಷಕ್ಕೆ 24 ಕೋಟಿ ಡಾಲರ್ ಪಡೆದು ಲಾಸ್ ಏಂಜಲೀಸ್ ಡಾಡ್ಜರ್ಸ್ ಸೇರಿದರು ಎಂಬ ಸುದ್ದಿ ಬಂದ ಕೂಡಲೇ ಎಲ್ಲ ಕಡೆ ಒಂದೇ ಚರ್ಚೆ ಶುರುವಾಯಿತು: ವರ್ಷಕ್ಕೆ 6 ಕೋಟಿ ಡಾಲರ್ ಕೊಡುವಷ್ಟು ದೊಡ್ಡ ಆಟಗಾರರೇ ಅವರು? ನನ್ನ ಮಟ್ಟಿಗೆ ಈ ಪ್ರಶ್ನೆ ಹೊರಡುವ ಜಾಗವೇ ತಪ್ಪು. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಕರಾರಿನಲ್ಲಿ ತಲೆಬರಹದ ಮೊತ್ತ ಹೇಳುವುದು ಬಹಳ ಕಡಿಮೆ. ಹಣ ಯಾವಾಗ ಕೈಸೇರುತ್ತದೆ, ಆಟಗಾರ ನಡುವೆ ಎದ್ದು ಹೋಗಬಹುದೇ, ತೆರಿಗೆ ಲೆಕ್ಕದಲ್ಲಿ ಅದು ಎಷ್ಟಾಗುತ್ತದೆ, ತಂಡ ಎಷ್ಟು ಡ್ರಾಫ್ಟ್ ಆಯ್ಕೆ (ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವ ಅವಕಾಶ) ಕಳೆದುಕೊಳ್ಳುತ್ತದೆ ಎಂಬ ನಾಲ್ಕು ವಿಷಯ ಗೊತ್ತಾಗುವವರೆಗೆ ಕರಾರು ಒಳ್ಳೆಯದೋ ಕೆಟ್ಟದೋ ಎಂದು ಹೇಳಲಾಗದು.

ಮೊದಲು ತೆರಿಗೆ. ಬೇಸ್‌ಬಾಲ್‌ನಲ್ಲಿ ಸಂಬಳಕ್ಕೆ ಗಟ್ಟಿ ಮಿತಿ ಇಲ್ಲ, ಐಷಾರಾಮಿ ತೆರಿಗೆ ಎಂದು ಎಲ್ಲರೂ ಕರೆಯುವ ವ್ಯವಸ್ಥೆ ಇದೆ. 2026ರಲ್ಲಿ ತಂಡದ ಒಟ್ಟು ಸಂಬಳ 24.4 ಕೋಟಿ ಡಾಲರ್ ದಾಟಿದರೆ, ದಾಟಿದ ಭಾಗಕ್ಕೆ ತೆರಿಗೆ ಬೀಳುತ್ತದೆ. ಮೊದಲ ವರ್ಷ ದಾಟಿದವರಿಗೆ ಶೇ 20, ಸತತ ಎರಡನೇ ವರ್ಷ ಶೇ 30, ಮೂರನೇ ವರ್ಷದಿಂದ ಶೇ 50. ಮೇಲಕ್ಕೆ ಹೋದಂತೆ, 2 ಕೋಟಿಗೊಂದು ಮೆಟ್ಟಿಲಿನಂತೆ, ಹೆಚ್ಚುವರಿ ದರವೂ ಸೇರುತ್ತದೆ. 30.4 ಕೋಟಿ ದಾಟಿದ ಕೊನೆಯ ಮೆಟ್ಟಿಲಿನಲ್ಲಿ, ವರ್ಷ ವರ್ಷವೂ ದಾಟುತ್ತಿರುವ ತಂಡ ಕಟ್ಟಬೇಕಾದದ್ದು ಶೇ 110. ಡಾಡ್ಜರ್ಸ್ ಇರುವುದು ಅಲ್ಲಿಯೇ. ಅಂದರೆ ಟಕರ್‌ಗೆ ಕೊಡುವ ಪ್ರತಿ ಡಾಲರ್‌ಗೆ ಇನ್ನೊಂದು ಡಾಲರ್ 10 ಸೆಂಟ್ ಲೀಗ್‌ಗೆ ಹೋಗುತ್ತದೆ. ಒಬ್ಬ ಬಲಗಡೆ ಫೀಲ್ಡರ್‌ಗಾಗಿ ತಂಡ ವರ್ಷಕ್ಕೆ ಸುಮಾರು 12 ಕೋಟಿ ಡಾಲರ್ ಇಳಿಸುತ್ತಿದೆ.

ಹಾಗಿದ್ದರೆ ಹತ್ತು ವರ್ಷಕ್ಕೆ ಹರಡಿ ವಾರ್ಷಿಕ ಹೊರೆ ಇಳಿಸಿಕೊಳ್ಳಬಹುದಿತ್ತಲ್ಲ? ತೆರಿಗೆ ನೋಡುವುದು ಕರಾರಿನ ವಾರ್ಷಿಕ ಸರಾಸರಿಯನ್ನು, ಆ ವರ್ಷ ಬಟವಾಡೆಯಾದ ಹಣವನ್ನಲ್ಲ. ಆದ್ದರಿಂದ ಉದ್ದ ಮಾಡಿದಷ್ಟೂ ಸರಾಸರಿ ಇಳಿಯುತ್ತದೆ. ಆದರೂ ಡಾಡ್ಜರ್ಸ್ ಗಿಡ್ಡ, ದುಬಾರಿ ಕರಾರನ್ನೇ ಆರಿಸಿಕೊಂಡರು. ಮೂವತ್ತೇಳು ಮೂವತ್ತೆಂಟರ ವಯಸ್ಸಿನ ಟಕರ್ ಅವರ ಬ್ಯಾಟಿಂಗ್‌ನ ಮೇಲೆ ಅವರು ಹಣ ಕಟ್ಟಲು ಸಿದ್ಧರಿಲ್ಲ ಎಂದೇ ಇದರ ಅರ್ಥ. ಎರಡನೇ ಮತ್ತು ಮೂರನೇ ವರ್ಷದ ನಂತರ ಹೊರಬರುವ ಹಕ್ಕನ್ನು ಟಕರ್ ಪಡೆದದ್ದು ಆ ಗಿಡ್ಡತನಕ್ಕೆ ಪ್ರತಿಯಾಗಿ.

ಮುಂದೂಡಿದ ಸಂಬಳದ ಬಗ್ಗೆ ಹೆಚ್ಚಿನವರಿಗೆ ತಪ್ಪು ಕಲ್ಪನೆ ಇದೆ. ಡಾಡ್ಜರ್ಸ್‌ನ ಶೋಹೆ ಓಟಾನಿ ಅವರ ಲೆಕ್ಕವನ್ನೇ ಒಮ್ಮೆ ಕೂತು ಮಾಡೋಣ. 2023ರ ಡಿಸೆಂಬರ್‌ನಲ್ಲಿ ಹತ್ತು ವರ್ಷಕ್ಕೆ 70 ಕೋಟಿ. ಅದರಲ್ಲಿ 68 ಕೋಟಿ ಮುಂದಕ್ಕೆ ಹೋಗಿದೆ: ಆಡುವ ಹತ್ತು ವರ್ಷ ತಲಾ 20 ಲಕ್ಷ, 2034ರಿಂದ 2043ರವರೆಗೆ ತಲಾ 6.8 ಕೋಟಿ, ಬಡ್ಡಿ ಇಲ್ಲ. ಹತ್ತು ವರ್ಷ ಬಿಟ್ಟು ಬರುವ 6.8 ಕೋಟಿಯ ಇವತ್ತಿನ ಬೆಲೆ ಎಷ್ಟು? ಲೀಗ್ ಬಳಸಿದ ದರ ಶೇ 4.43. ಹತ್ತು ವರ್ಷಕ್ಕೆ ಚಕ್ರಬಡ್ಡಿ ಹಾಕಿದರೆ ಒಂದು ಡಾಲರ್ ಸುಮಾರು 1.54 ಡಾಲರ್ ಆಗುತ್ತದೆ. 6.8ನ್ನು 1.54ರಿಂದ ಭಾಗಿಸಿ: 4.4 ಕೋಟಿ. ಅದಕ್ಕೆ ಕೈಗೆ ಬರುವ 20 ಲಕ್ಷ ಸೇರಿಸಿ: 4.6 ಕೋಟಿ. ತೆರಿಗೆ ಪುಸ್ತಕದಲ್ಲಿ ಓಟಾನಿ ಅವರ ವಾರ್ಷಿಕ ಲೆಕ್ಕ ಇಷ್ಟೇ, 7 ಕೋಟಿ ಅಲ್ಲ. ಇದು ತೆರಿಗೆ ತಪ್ಪಿಸುವ ಕಳ್ಳದಾರಿ ಎನ್ನುವವರು ಒಂದು ಮಾತು ಮರೆಯುತ್ತಾರೆ. ಆ ಕರಾರಿನ ನಿಜವಾದ ಬೆಲೆಯೇ 46 ಕೋಟಿ. ಮುಂದೂಡುವಿಕೆ ಇಲ್ಲದಿದ್ದರೆ ತಲೆಬರಹದಲ್ಲಿ 70 ಎಂದು ಬರುತ್ತಲೇ ಇರಲಿಲ್ಲ. ತಂಡ ಆ ಹಣವನ್ನು ಮರೆತು ಕೂರುವಂತೆಯೂ ಇಲ್ಲ. ಒಂದು ಋತುವಿನಲ್ಲಿ ಗಳಿಸಿದ ಮುಂದೂಡಿದ ಸಂಬಳದ ಇವತ್ತಿನ ಬೆಲೆಯನ್ನು ಅದರ ನಂತರದ ಎರಡನೇ ಜುಲೈ 1ರೊಳಗೆ ಬೇರೆಯಾಗಿ ತೆಗೆದಿಡಲೇಬೇಕು.

ಇದರ ಪಕ್ಕದಲ್ಲಿ ಹುವಾನ್ ಸೊಟೊ ಅವರ 2024ರ ನ್ಯೂಯಾರ್ಕ್ ಮೆಟ್ಸ್ ಕರಾರನ್ನು ಇಟ್ಟು ನೋಡಿ. 15 ವರ್ಷಕ್ಕೆ 76.5 ಕೋಟಿ, ಒಂದು ಡಾಲರ್ ಕೂಡ ಮುಂದೂಡಿಲ್ಲ. ಐದು ವರ್ಷದ ನಂತರ ಹೊರಬರಬಹುದು. ಉಳಿದ ಹತ್ತು ವರ್ಷಕ್ಕೆ ತಲಾ 40 ಲಕ್ಷ ಸೇರಿಸಿ ಒಟ್ಟು 80.5 ಕೋಟಿ ಮಾಡಿದರೆ ಮೆಟ್ಸ್ ಆ ಹಕ್ಕನ್ನು ರದ್ದು ಮಾಡಬಹುದು. ತಲೆಬರಹದಲ್ಲಿ 70ಕ್ಕೂ 76.5ಕ್ಕೂ ಇರುವ ಅಂತರ ಶೇ 10ರ ಒಳಗೆ. ನಿಜದಲ್ಲಿ ಇವೆರಡೂ ಒಂದೇ ತಕ್ಕಡಿಯಲ್ಲಿ ತೂಗುವ ಕರಾರುಗಳೇ ಅಲ್ಲ.

ಈ ಚಳಿಗಾಲದಲ್ಲಿ ನನಗೆ ತುಂಬಾ ಹಿಡಿಸಿದ ಕರಾರು ಬಾಲ್ಟಿಮೋರ್ ಓರಿಯೋಲ್ಸ್ ಪೀಟ್ ಅಲೊನ್ಸೊ ಅವರೊಂದಿಗೆ ಮಾಡಿಕೊಂಡದ್ದು: ಐದು ವರ್ಷ, 15.5 ಕೋಟಿ. ಕಾರಣ ಕ್ವಾಲಿಫೈಯಿಂಗ್ ಆಫರ್‌ನ ನಿಯಮದಲ್ಲಿದೆ. ತಂಡ ತನ್ನ ಫ್ರೀ ಏಜೆಂಟ್‌ಗೆ (ಕರಾರು ಮುಗಿದು ಯಾವ ತಂಡಕ್ಕಾದರೂ ಹೋಗಬಹುದಾದ ಆಟಗಾರನಿಗೆ) ಒಂದು ವರ್ಷದ ನಿಗದಿತ ಮೊತ್ತವನ್ನು ಮುಂದಿಡಬಹುದು, ಈ ಸಲ 2 ಕೋಟಿ 20 ಲಕ್ಷದ 25 ಸಾವಿರ ಡಾಲರ್. ಆಟಗಾರ ನಿರಾಕರಿಸಿ ಬೇರೆ ತಂಡಕ್ಕೆ ಹೋದರೆ, ಕರೆದುಕೊಂಡ ತಂಡ ಡ್ರಾಫ್ಟ್ ಆಯ್ಕೆ ಕಳೆದುಕೊಳ್ಳುತ್ತದೆ. ತೆರಿಗೆ ಕಟ್ಟುವ ತಂಡವಾದರೆ ತನ್ನ ಎರಡನೇ ಮತ್ತು ಐದನೇ ಅತ್ಯುತ್ತಮ ಆಯ್ಕೆ ಹೋಗುತ್ತದೆ, ವಿದೇಶಿ ಹುಡುಗರಿಗೆಂದು ಇಟ್ಟ ನಿಧಿಯಲ್ಲಿ 10 ಲಕ್ಷವೂ ಖೋತಾ. ಆದರೆ ಒಬ್ಬ ಆಟಗಾರನಿಗೆ ಈ ಆಫರ್ ಕೊಡುವುದು ಜೀವನದಲ್ಲಿ ಒಂದೇ ಸಲ. ಅಲೊನ್ಸೊಗೆ ಅದು 2024ರಲ್ಲೇ ಮುಗಿದಿತ್ತು. ಹಾಗಾಗಿ 2025ರಲ್ಲಿ 38 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ಹೊಡೆದು 126 ರನ್ ತರಿಸಿದ, ಎರಡು ವರ್ಷ ಒಂದು ಪಂದ್ಯವನ್ನೂ ತಪ್ಪಿಸಿಕೊಳ್ಳದ ಬ್ಯಾಟರ್ ಒಂದೇ ಒಂದು ಆಯ್ಕೆಯ ನಷ್ಟವಿಲ್ಲದೆ ಸಿಕ್ಕರು. ಬಾಲ್ಟಿಮೋರ್‌ನ ಎಡಗಡೆ ಗೋಡೆಯನ್ನು 2022ರಲ್ಲಿ ಹಿಂದಕ್ಕೆ ಸರಿಸಿದ್ದರು, 2025ಕ್ಕೆ ಮತ್ತೆ ಮುಂದಕ್ಕೆ ತಂದರು. ಬಲಗೈ ಬ್ಯಾಟರ್‌ಗೆ ಇದು ನೇರ ಲಾಭ. ಕೊನೆಯ ಎರಡು ವರ್ಷ ಮೊದಲ ಬೇಸ್‌ನಲ್ಲಿ ಅವರ ಕಾಲು ಓಡುತ್ತದೋ ಇಲ್ಲವೋ, ಆಗ ಬರೀ ಬ್ಯಾಟ್ ಮಾಡಿಸಬೇಕಾಗಬಹುದು. ಆ ಅಪಾಯ ಬೆಲೆಯಲ್ಲಿ ಸೇರಿದೆ.

ಅಲೊನ್ಸೊ ಅವರ ಹಳೆಯ ತಂಡ ಮೆಟ್ಸ್ ಕಡೆಯಿಂದ ನೋಡಿದರೆ ಹೊಟ್ಟೆ ಉರಿಯುತ್ತದೆ. 264 ಹೋಮ್ ರನ್‌ಗಳೊಂದಿಗೆ ಆ ತಂಡದ ಇತಿಹಾಸದಲ್ಲೇ ಮೊದಲ ಸ್ಥಾನದಲ್ಲಿದ್ದವರನ್ನು ಬಿಟ್ಟರು. ಕೊನೆಯ ಇನ್ನಿಂಗ್ಸ್ ಮುಗಿಸುವ ಎಡ್ವಿನ್ ಡಿಯಾಸ್ ಮೂರು ವರ್ಷ 6.9 ಕೋಟಿಗೆ ಡಾಡ್ಜರ್ಸ್ ಪಾಲಾದರು. ಬ್ರ್ಯಾಂಡನ್ ನಿಮ್ಮೊ ಅವರನ್ನು ಟೆಕ್ಸಾಸ್ ರೇಂಜರ್ಸ್‌ಗೆ ಕೊಟ್ಟು ಮಾರ್ಕಸ್ ಸೆಮಿಯನ್ ಅವರನ್ನು ತಂದರು. ಜೂನ್ ನಡುವೆ ಇಡೀ ಲೀಗ್‌ನಲ್ಲಿ ಮುಂದಿದ್ದು ಕೊನೆಗೆ 83–79ಕ್ಕೆ ಕುಸಿದ ತಂಡದಲ್ಲಿ ಬದಲಾವಣೆ ಬೇಕಿತ್ತು, ಒಪ್ಪುತ್ತೇನೆ. ಆದರೆ ಆ ತಂಡ ಸೋತದ್ದು ಪಿಚಿಂಗ್‌ನಿಂದ (ಚೆಂಡೆಸೆತದಿಂದ), ಅಲೊನ್ಸೊ ಅವರ ಬ್ಯಾಟ್‌ನಿಂದಲ್ಲ. ಬೋ ಬಿಶೆಟ್ ಅವರಿಗೆ ಮೂರು ವರ್ಷ 12.6 ಕೋಟಿ ಕೊಟ್ಟದ್ದು ರನ್ ತರಬಹುದು, ಆರನೇ ಇನ್ನಿಂಗ್ಸ್ ಎಸೆಯುವವರನ್ನು ತರುವುದಿಲ್ಲ.

ಟೊರಾಂಟೊ ಬ್ಲೂ ಜೇಸ್ ಡಿಲನ್ ಸೀಸ್ ಅವರಿಗೆ ಏಳು ವರ್ಷ 21 ಕೋಟಿ ಕೊಟ್ಟಾಗ ಅವರ 2025ರ 4.55 ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಸರಾಸರಿ ಬಿಟ್ಟುಕೊಟ್ಟ ರನ್) ತೋರಿಸಿ ನಕ್ಕವರು ಬಹಳ. ಆ ಒಂದು ಅಂಕಿಯಲ್ಲಿ ಹಿಂದೆ ನಿಂತ ಫೀಲ್ಡರ್‌ಗಳ ಪಾಲೂ ಅದೃಷ್ಟದ ಪಾಲೂ ಇದೆ. ಪಿಚರ್‌ನ ಕೈಯಲ್ಲೇ ಇರುವುದು ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್‌ಗೆ ಬ್ಯಾಟರ್‌ನನ್ನು ಔಟ್ ಮಾಡುವುದು: ಅದೇ ಋತುವಿನಲ್ಲಿ 168 ಇನ್ನಿಂಗ್ಸ್‌ಗೆ 215. ಜೊತೆಗೆ 2021ರಿಂದ ಪ್ರತಿ ವರ್ಷ ಕನಿಷ್ಠ 32 ಪಂದ್ಯ ಆರಂಭಿಸಿದ್ದಾರೆ. ಮೊಣಕೈ ಶಸ್ತ್ರಚಿಕಿತ್ಸೆಗಳ ಈ ಕಾಲದಲ್ಲಿ ತಂಡಗಳು ಹಣ ಸುರಿಯುವುದು ಇದಕ್ಕೇ. ನನ್ನ ಅಳುಕು ವಾಕ್‌ಗಳ (ನಾಲ್ಕು ತಪ್ಪು ಎಸೆತಕ್ಕೆ ಬ್ಯಾಟರ್‌ಗೆ ಸಿಗುವ ಉಚಿತ ಬೇಸ್) ಬಗ್ಗೆ. ಪಿಚ್ ಎಣಿಕೆ ಬೇಗ ಏರಿ ಐದನೇ ಇನ್ನಿಂಗ್ಸ್‌ಗೇ ಇಳಿಯುವುದು ಅವರ ಹಳೆಯ ಅಭ್ಯಾಸ. ಫಿಲಡೆಲ್ಫಿಯಾ ಫಿಲೀಸ್ ಕೈಲ್ ಶ್ವಾರ್ಬರ್ ಅವರನ್ನು ಐದು ವರ್ಷ 15 ಕೋಟಿಗೆ ಉಳಿಸಿಕೊಂಡದ್ದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. 56 ಹೋಮ್ ರನ್ ಹೊಡೆದವರನ್ನು ಯಾರೂ ಬಿಡುವುದಿಲ್ಲ.

ಜಪಾನ್‌ನಿಂದ ಬರುವವರ ಸುದ್ದಿಯಲ್ಲಿ ಇನ್ನೊಂದು ಮೊತ್ತ ಅಡಗಿರುತ್ತದೆ, ಪೋಸ್ಟಿಂಗ್ ಶುಲ್ಕ. ಆಟಗಾರನ ಹಳೆಯ ತಂಡಕ್ಕೆ ಹೊಸ ತಂಡ ಬೇರೆಯಾಗಿ ಕೊಡಬೇಕಾದ ಹಣ ಇದು: ಖಾತರಿ ಮೊತ್ತದ ಮೊದಲ 2.5 ಕೋಟಿಗೆ ಶೇ 20, ಮುಂದಿನ 2.5 ಕೋಟಿಗೆ ಶೇ 17.5, ಅದರ ಮೇಲಿನದಕ್ಕೆ ಶೇ 15. 2022ರಲ್ಲಿ 56 ಹೋಮ್ ರನ್ ಹೊಡೆದು ಜಪಾನ್ ಮೂಲದ ಆಟಗಾರರ ದಾಖಲೆ ಬರೆದ ಮುನೆಟಾಕಾ ಮುರಾಕಾಮಿ ಶಿಕಾಗೊ ವೈಟ್ ಸಾಕ್ಸ್ ಜೊತೆ ಎರಡು ವರ್ಷ 3.4 ಕೋಟಿಗೆ ಸಹಿ ಹಾಕಿದರು. ಮೊದಲ 2.5 ಕೋಟಿಗೆ 50 ಲಕ್ಷ, ಉಳಿದ 90 ಲಕ್ಷಕ್ಕೆ 15.75 ಲಕ್ಷ, ಒಟ್ಟು 65.75 ಲಕ್ಷ ಡಾಲರ್ ಯಾಕುಲ್ಟ್ ಸ್ವಾಲೋಸ್‌ಗೆ. ಸ್ಟ್ರೈಕ್ ವಲಯದೊಳಗಿನ (ಬ್ಯಾಟರ್ ಹೊಡೆಯಬೇಕಾದ ಜಾಗದ) ಚೆಂಡಿಗೂ ಬ್ಯಾಟ್ ತಾಗಿಸದೆ ಹೋಗುವುದು ಅವರ ದೌರ್ಬಲ್ಯ, ಮೊತ್ತ ಇಳಿದದ್ದು ಅದರಿಂದ. ಆದರೂ ಇದು ಇಬ್ಬರಿಗೂ ಜಾಣತನದ ಕರಾರು. 2024ರಲ್ಲಿ 121 ಪಂದ್ಯ ಸೋತ ತಂಡಕ್ಕೆ ಕಳೆದುಕೊಳ್ಳಲು ಏನೂ ಇಲ್ಲ; ಮುರಾಕಾಮಿ 27ರ ವಯಸ್ಸಿಗೆ ಮತ್ತೆ ಮಾರುಕಟ್ಟೆಗೆ ಬರುತ್ತಾರೆ.

ಒಂದು ಎಚ್ಚರಿಕೆ. ‘ಒಪ್ಪಿಕೊಂಡರು’ ಎಂಬ ಸುದ್ದಿಗೂ ಸಹಿ ಬೀಳುವುದಕ್ಕೂ ನಡುವೆ ವೈದ್ಯಕೀಯ ಪರೀಕ್ಷೆ ಇದೆ. ಕಾರ್ಲೋಸ್ ಕೊರೆಯಾ ಒಂದೇ ಚಳಿಗಾಲದಲ್ಲಿ ಜೈಂಟ್ಸ್ ಜೊತೆ 35 ಕೋಟಿ, ಮೆಟ್ಸ್ ಜೊತೆ 31.5 ಕೋಟಿ ಎಂದು ಸುದ್ದಿಯಾಗಿ, ಹಳೆಯ ಕಾಲಿನ ಗಾಯದ ಕಾರಣ ಎರಡೂ ಮುರಿದು, 2023ರ ಜನವರಿಯಲ್ಲಿ ಟ್ವಿನ್ಸ್ ಜೊತೆ 20 ಕೋಟಿಗೆ ನಿಂತರು. ತಂಡವೇ ಅಧಿಕೃತವಾಗಿ ಹೇಳುವವರೆಗೆ ಜೆರ್ಸಿ ಕೊಳ್ಳಬೇಡಿ.

ಇನ್ನು ನಿಯಮದ ಸುದ್ದಿ. 2026ರಿಂದ ಅಂಪೈರ್‌ನ ಬಾಲ್–ಸ್ಟ್ರೈಕ್ ತೀರ್ಪಿಗೆ (ಎಸೆತ ಸ್ಟ್ರೈಕ್ ವಲಯದ ಹೊರಗೋ ಒಳಗೋ ಎಂಬುದಕ್ಕೆ) ಸವಾಲು ಹಾಕಬಹುದು. ತಂಡಕ್ಕೆ ಎರಡು ಸವಾಲು. ಗೆದ್ದರೆ ಉಳಿಯುತ್ತದೆ, ಸೋತರೆ ಹೋಗುತ್ತದೆ. ಕೇಳುವ ಹಕ್ಕು ಬ್ಯಾಟರ್, ಪಿಚರ್, ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಮೂವರಿಗೆ ಮಾತ್ರ. ತಂಡದವರು ಕೂರುವ ಡಗ್‌ಔಟ್ ಕಡೆ ನೋಡದೆ ತಕ್ಷಣ ಟೋಪಿ ಅಥವಾ ಹೆಲ್ಮೆಟ್ ತಟ್ಟಬೇಕು. ವಲಯದ ಅಗಲ ಬ್ಯಾಟರ್ ಮುಂದೆ ನೆಲದಲ್ಲಿರುವ ಪ್ಲೇಟ್‌ನಷ್ಟೇ, 17 ಇಂಚು. ಮೇಲಿನ ಗೆರೆ ಬ್ಯಾಟರ್ ಎತ್ತರದ ಶೇ 53.5, ಕೆಳಗಿನದು ಶೇ 27. ಆರು ಅಡಿ ಏಳು ಇಂಚಿನ ಆ್ಯರನ್ ಜಡ್ಜ್‌ಗೆ ಲೆಕ್ಕ ಹಾಕಿದರೆ ನೆಲದಿಂದ 21.3 ಇಂಚಿನಿಂದ 42.3 ಇಂಚಿನವರೆಗೆ, ಐದು ಅಡಿ ಆರು ಇಂಚಿನ ಹೊಸೆ ಆಲ್ಟುವೆಗೆ 17.8ರಿಂದ 35.3. ಮೊಣಕಾಲ ಬಳಿ ಬೀಳುವ ಚೆಂಡಿಗೆ ಜಡ್ಜ್ ವರ್ಷಗಟ್ಟಲೆ ಅನ್ಯಾಯದ ಸ್ಟ್ರೈಕ್ ತಿಂದಿದ್ದಾರೆ, ಅವರಿಗೆ ಇದು ಹೊಸ ಉಸಿರು. 2025ರ ವಸಂತ ಶಿಬಿರದ ಪ್ರಯೋಗದಲ್ಲಿ ಕ್ಯಾಚರ್‌ಗಳ ಸವಾಲು ಶೇ 56ರಷ್ಟು ಗೆದ್ದಿತು, ಬ್ಯಾಟರ್‌ಗಳದು ಶೇ 50, ಪಿಚರ್‌ಗಳದು ಶೇ 41. ಚೆಂಡು ಬಿಟ್ಟ ಕೈಗೆ ಎಲ್ಲವೂ ಸ್ಟ್ರೈಕ್ ಆಗಿಯೇ ಕಾಣುತ್ತದೆ. ನಾನು ಮ್ಯಾನೇಜರ್ ಆಗಿದ್ದರೆ ಪಿಚರ್‌ಗಳ ಟೋಪಿ ಮುಟ್ಟುವುದನ್ನೇ ನಿಷೇಧಿಸುತ್ತಿದ್ದೆ. ಬ್ಯಾಟರ್‌ಗಳಿಗೆ ಮೂರು ಬಾಲ್ ಎರಡು ಸ್ಟ್ರೈಕ್ ಆಗುವವರೆಗೆ, ಇಲ್ಲವೇ ಬೇಸ್‌ಗಳು ತುಂಬುವವರೆಗೆ ಕಾಯಿರಿ ಎನ್ನುತ್ತಿದ್ದೆ. ಒಂದನೇ ಇನ್ನಿಂಗ್ಸ್‌ನ ಮೊದಲ ಚೆಂಡಿಗೆ ಸವಾಲು ಸುಟ್ಟುಕೊಂಡ ತಂಡ ಎಂಟನೇ ಇನ್ನಿಂಗ್ಸ್‌ನಲ್ಲಿ ಬರಿಗೈಯಲ್ಲಿ ನಿಂತಿರುತ್ತದೆ.

ಇಷ್ಟೆಲ್ಲ ಕರಾರುಗಳ ಮೇಲೆ ಒಂದು ದಿನಾಂಕದ ನೆರಳಿದೆ: 2026ರ ಡಿಸೆಂಬರ್ 1. ಮಾಲೀಕರಿಗೂ ಆಟಗಾರರ ಸಂಘಕ್ಕೂ ಇರುವ ಒಪ್ಪಂದ ಅಂದು ಮುಗಿಯುತ್ತದೆ. ಡಾಡ್ಜರ್ಸ್ ಖರ್ಚು ತೋರಿಸಿ ಸಂಬಳಕ್ಕೆ ಗಟ್ಟಿ ಮಿತಿ ಬೇಕು ಎನ್ನುವ ದನಿ ಮಾಲೀಕರ ಕಡೆ ಜೋರಾಗಿದೆ. ಸಂಘ ಅದನ್ನು ಯಾವತ್ತೂ ಒಪ್ಪಿಲ್ಲ. 1994ರ ಆಗಸ್ಟ್ 12ರಂದು ಮುಷ್ಕರ ಶುರುವಾಗಿ ವರ್ಲ್ಡ್ ಸೀರೀಸೇ ರದ್ದಾದದ್ದು ಇದೇ ವಿಷಯಕ್ಕೆ. 2021ರಲ್ಲಿ ಒಪ್ಪಂದ ಮುಗಿದ ಮರುದಿನವೇ ಮಾಲೀಕರು ಬೀಗ ಹಾಕಿದರು, ಅದು ತೆಗೆದದ್ದು 99 ದಿನದ ನಂತರ. ಆ ಅವಧಿಯಲ್ಲಿ ಸಹಿ ಇಲ್ಲ, ಅದಲು ಬದಲು ಇಲ್ಲ, ಗಾಯಗೊಂಡವರು ತಂಡದ ವೈದ್ಯರ ಜೊತೆ ಮಾತಾಡುವಂತೆಯೂ ಇರಲಿಲ್ಲ. ಬೀಗಕ್ಕೆ ಮುಂಚಿನ ಕೆಲವೇ ದಿನಗಳಲ್ಲಿ ಕೋರಿ ಸೀಗರ್ 32.5 ಕೋಟಿಗೆ, ಸೆಮಿಯನ್ 17.5 ಕೋಟಿಗೆ, ಮ್ಯಾಕ್ಸ್ ಶರ್ಜರ್ 13 ಕೋಟಿಗೆ ಸಹಿ ಹಾಕಿ ಮುಗಿಸಿದ್ದರು. ಕಾದು ಕೂತವರಿಗೆ ಮಾರ್ಚ್‌ನಲ್ಲಿ ಸಿಕ್ಕಿದ್ದು ಅವಸರದ ಶಿಬಿರ. ಬಿಶೆಟ್ ಕರಾರಿನಲ್ಲಿ ಮೊದಲ ವರ್ಷದ ನಂತರವೇ ಹೊರಬರುವ ಹಕ್ಕಿದೆ. ವರ್ಲ್ಡ್ ಸೀರೀಸ್ ಮುಗಿದು ಐದು ದಿನಕ್ಕೆ ಮಾರುಕಟ್ಟೆ ತೆರೆಯುತ್ತದೆ. ಅಲ್ಲಿಂದ ಡಿಸೆಂಬರ್ 1ಕ್ಕೆ ಉಳಿಯುವುದು ಸುಮಾರು ನಾಲ್ಕು ವಾರ. ಆ ಕಿಂಡಿಯಲ್ಲಿ ಅವರು ಬಾಗಿಲು ತೆರೆದು ಹೊರಗೆ ಬರುತ್ತಾರೋ, ಇರುವ 8 ಕೋಟಿ 40 ಲಕ್ಷ ಹಿಡಿದುಕೊಂಡು ಒಳಗೇ ಉಳಿಯುತ್ತಾರೋ ಎಂಬುದನ್ನು ನವೆಂಬರ್‌ನಲ್ಲಿ ನಾನು ಮೊದಲು ನೋಡುತ್ತೇನೆ.